ನಕ್ಷೆಯಿಂದ ಕೀಲಿಕೈವರೆಗೆ ಒಬ್ಬರಿಗೇ ಗುತ್ತಿಗೆ: ಉತ್ತರ ಕನ್ನಡದಲ್ಲಿ ಮನೆ ಕಟ್ಟಿಸುವವರು ಬರೆಸಿಕೊಳ್ಳಬೇಕಾದದ್ದು

ಕಾರವಾರ, ಕುಮಟಾ, ಶಿರಸಿ ಕಡೆ ಮನೆ ಕಟ್ಟಿಸಲು ಈಗ ಮೂರು ದಾರಿ ಇವೆ. ಸಾಮಾನು ನೀವೇ ತಂದು ಮೇಸ್ತ್ರಿಗೆ ಕೂಲಿ ಗುತ್ತಿಗೆ ಕೊಡುವುದು ಒಂದು. ಎಂಜಿನಿಯರ್ ಹತ್ತಿರ ನಕ್ಷೆ ಮಾಡಿಸಿ, ಸಾಮಾನು ಸಮೇತ ಚದರಡಿ ಲೆಕ್ಕದಲ್ಲಿ ಬೇರೊಬ್ಬ ಗುತ್ತಿಗೆದಾರರಿಗೆ ಒಪ್ಪಿಸುವುದು ಇನ್ನೊಂದು. ಮೂರನೆಯದು ನಕ್ಷೆ, ಕಬ್ಬಿಣದ ಸರಳಿನ ಲೆಕ್ಕ, ಪರವಾನಗಿ, ಕಟ್ಟಡ ಎಲ್ಲವನ್ನೂ ಒಬ್ಬರಿಗೇ ವಹಿಸುವ ಡಿಸೈನ್ ಅಂಡ್ ಬಿಲ್ಡ್. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು ಊರಲ್ಲಿ ಓಡಾಡುವವರಿಲ್ಲದ ಮನೆಗಳಿಗೆ, ಗೋಕರ್ಣದ ಆಸುಪಾಸಿನ ಹೋಮ್‌ಸ್ಟೇಗಳಿಗೆ ಇದು ನಿಜಕ್ಕೂ ಅನುಕೂಲ. ನಕ್ಷೆಯವರು ಮೇಸ್ತ್ರಿಯನ್ನು, ಮೇಸ್ತ್ರಿ ನಕ್ಷೆಯವರನ್ನು ದೂರುವ ಜಗಳ ಇಲ್ಲಿಲ್ಲ.

ಆದರೆ ಸರಳು ಎಷ್ಟು ಬೇಕೆಂದು ಹೇಳುವವರೂ ಅದನ್ನು ಕಡಿಮೆ ಹಾಕಿದರೆ ದುಡ್ಡು ಉಳಿಯುವವರೂ ಒಬ್ಬರೇ ಆಗಿರುತ್ತಾರೆ. ಆದ್ದರಿಂದ ಬೆಲೆ ಮಾತಾಡುವ ಮೊದಲೇ ಏನು ಕಟ್ಟುತ್ತಾರೆ ಎಂಬುದು ಕಾಗದದಲ್ಲಿ ಇರಬೇಕು.

ಮೊದಲು ಜಾಗ

ಯಾರನ್ನೂ ಕರೆಯುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಕೃಷಿ ಜಮೀನಾದರೆ ಭೂ ಪರಿವರ್ತನೆ ಆಗಿರಬೇಕು, ಪಂಚಾಯ್ತಿಯ ಇ-ಸ್ವತ್ತು ಇರಬೇಕು. ಅಡಿಕೆ ತೋಟಕ್ಕೆಂದು ಬಿಟ್ಟ ಬೆಟ್ಟ ಭೂಮಿಯನ್ನು ಮನೆ ಜಾಗವೆಂದು ಎಣಿಸಬೇಡಿ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಕ್ಷೆ ನೋಡಲೇಬೇಕು. ಸಮುದ್ರ ಕಾಣದಿದ್ದರೂ ಉಪ್ಪುನೀರು ಏರಿಳಿಯುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ದಂಡೆಗಳಿಗೂ ಆ ನಿಯಮ ತಾಗುತ್ತದೆ. ಪರವಾನಗಿ ತರುವ ಹೊಣೆ ಗುತ್ತಿಗೆದಾರರದ್ದೇ ಆದರೂ, ಸಿಗದಿದ್ದರೆ ಮುಂಗಡ ವಾಪಸ್ ಎಂದು ಬರೆಸಿ.

ಮಣ್ಣಿಗೆ, ಕಟ್ಟುವ ಜಾಗದ ಎರಡು ಮೂಲೆಯಲ್ಲಾದರೂ ಐದಾರು ಅಡಿ ಗುಂಡಿ ತೆಗೆಸಿ. ಮಳೆಗಾಲದಲ್ಲಿ ತೆಗೆದರೆ ನೀರಿನ ಮಟ್ಟವೂ ತಿಳಿಯುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ ಕೆಂಪು ಮಣ್ಣು ತುಂಬಿದ ಜಾಗವಾದರೆ ಗುಂಡಿ ಸಾಲದು, ಕೊರೆದು ಮಾಡುವ ಮಣ್ಣು ಪರೀಕ್ಷೆ ಬೇಕು. ಮೇಲಿನ ಮಣ್ಣು ಗಟ್ಟಿ ಕಂಡರೂ ಕೆಳಗಿನ ಕೆಸರು ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಗುಡ್ಡ ಕಡಿದು ಸಮ ಮಾಡುವ ಜಾಗದಲ್ಲಿ ತಡೆಗೋಡೆ, ಅದರ ನೀರುಗಂಡಿ, ಗುಡ್ಡದ ಮೇಲಂಚಿನ ಕಾಲುವೆ ಮೂರೂ ಗುತ್ತಿಗೆಯ ಒಳಗೇ ಬರಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಇದನ್ನು 'ಆಮೇಲೆ ನೋಡೋಣ' ಎನ್ನುವವರ ಕೈಗೆ ಕೆಲಸ ಕೊಡಬೇಡಿ.

ಒಪ್ಪಂದ ಎರಡು ಕಂತಿನಲ್ಲಿ

ಒಂದೇ ಸಲಕ್ಕೆ ಎಲ್ಲದಕ್ಕೂ ಸಹಿ ಹಾಕಬೇಡಿ. ಮೊದಲು ವಿನ್ಯಾಸಕ್ಕೆ ಮಾತ್ರ ಬೇರೆ ಒಪ್ಪಂದ, ಬೇರೆ ಶುಲ್ಕ. ಅದರಲ್ಲಿ ನಿಮಗೆ ಸಿಗಬೇಕಾದದ್ದು: ಅಳತೆ ಸಮೇತ ನಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರುವ ಸರಳಿನ ನಕ್ಷೆ ಮತ್ತು ಪಟ್ಟಿ, ನೀರು ಹಾಗೂ ವಿದ್ಯುತ್ ನಕ್ಷೆ, ಸಾಮಾನಿನ ವಿವರ. ದರ ಹೊಂದದಿದ್ದರೆ ಈ ನಕ್ಷೆಗಳನ್ನು ಬೇರೆಯವರಿಗೆ ಕೊಡುವ ಹಕ್ಕು ನಿಮ್ಮದು ಎಂದು ಬರೆಸಿ. ಒಪ್ಪದವರು ನಕ್ಷೆಯನ್ನು ಒತ್ತೆ ಇಟ್ಟುಕೊಳ್ಳುವವರು.

ಚದರಡಿ ದರ ಹೋಲಿಸುವಾಗ ಚದರಡಿ ಎಂದರೇನೆಂದು ಕೇಳಿ. ಒಬ್ಬರು 2,000 ರೂಪಾಯಿಯಂತೆ 1,500 ಚದರಡಿ ಹೇಳಿದರೆ 30 ಲಕ್ಷ. ಇನ್ನೊಬ್ಬರು 1,850ಕ್ಕೇ ಮಾಡುತ್ತೇವೆ ಎಂದು ಪೋರ್ಟಿಕೊ, ಸನ್‌ಶೇಡ್, ಮೆಟ್ಟಿಲಿನ ತಲೆ ಸೇರಿಸಿ 1,700 ಚದರಡಿ ಅಳೆದರೆ 31 ಲಕ್ಷ 45 ಸಾವಿರ. ಸಾಮಾನ್ಯವಾಗಿ ಹೊರಗುಳಿಯುವವು: ಹೇಳಿದ ಆಳಕ್ಕಿಂತ ಕೆಳಗಿನ ಪಂಚಾಂಗ (ಅಡಿಪಾಯ), ಶೌಚದ ಗುಂಡಿ, ಬಾವಿ, ಕಂಪೌಂಡು, ಹೆಸ್ಕಾಂ ವಿದ್ಯುತ್ ಸಂಪರ್ಕ, ಸ್ಲ್ಯಾಬಿನ ಮೇಲಿನ ಟ್ರಸ್ ಮತ್ತು ಶೀಟು ಅಥವಾ ಹೆಂಚು. ಈ ಕೊನೆಯದು ನಮ್ಮ ಮಳೆಗೆ ಅಲಂಕಾರವಲ್ಲ. ಅದಿಲ್ಲದ ದರ ಅರ್ಧ ಮನೆಯ ದರ. ಜಿಎಸ್‌ಟಿ ಸೇರಿದೆಯೇ ಎಂದೂ ಬರೆಸಿ. ಸಾಮಾನು ಸಮೇತದ ಗುತ್ತಿಗೆಗೆ ಶೇಕಡಾ 18 ಬೀಳುತ್ತದೆ.

ಉಪ್ಪು ಗಾಳಿಗೆ ಕಾಂಕ್ರೀಟು

'ಒಳ್ಳೆಯ ಗುಣಮಟ್ಟದ ಕಾಂಕ್ರೀಟು' ಎಂಬ ಮಾತಿಗೆ ಬೆಲೆಯಿಲ್ಲ. ಕಾಂಕ್ರೀಟಿನ ಭಾರತೀಯ ಸಂಹಿತೆಯಾದ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಮಳೆಗೆ ತೆರೆದ ಕಾಂಕ್ರೀಟು ಎಂ 30 ದರ್ಜೆಯದಿರಬೇಕು, ಸರಳಿನ ಹೊರಗೆ 45 ಮಿಮೀ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟು ಇರಬೇಕು. ಅಲೆಯ ತುಂತುರು ತಾಗುವಷ್ಟು ಹತ್ತಿರವಾದರೆ ಎಂ 35, 50 ಮಿಮೀ. ಬುಟ್ಟಿ ಲೆಕ್ಕದಲ್ಲಿ ಕಲಸುವ ಮಿಶ್ರಣಕ್ಕೆ ಆ ಸಂಹಿತೆ ಎಂ 20ರವರೆಗೆ ಮಾತ್ರ ಒಪ್ಪುತ್ತದೆ, ಆದ್ದರಿಂದ ಪ್ರಯೋಗಾಲಯದ ಮಿಕ್ಸ್ ಡಿಸೈನ್ (ಮಿಶ್ರಣದ ಲೆಕ್ಕ) ಕೇಳಿ. ನೀರು ಸಿಮೆಂಟಿನ 0.45 ಪಾಲು ಮೀರಬಾರದು, ಅಂದರೆ 50 ಕೆಜಿ ಚೀಲಕ್ಕೆ ಮರಳಿನ ತೇವವೂ ಸೇರಿ ಇಪ್ಪತ್ತೆರಡೂವರೆ ಲೀಟರ್. ಇಷ್ಟು ನೀರಿಗೆ ಮಿಶ್ರಣ ಗಟ್ಟಿಯಾಗಿ ಕೆಲಸದವರು ಪೈಪು ಹಿಡಿದು ನೀರು ಸುರಿಯುತ್ತಾರೆ. ಹಾಗಾಗಿ ಕಡಿಮೆ ನೀರಿನಲ್ಲೇ ಮಿಶ್ರಣ ಸಡಿಲವಾಗಿಸುವ ಪ್ಲಾಸ್ಟಿಸೈಜರ್ ಮತ್ತು ಅದನ್ನು ಅಲುಗಿಸಿ ಕೂರಿಸುವ ವೈಬ್ರೇಟರ್ ಎರಡನ್ನೂ ಹೆಸರು ಹಿಡಿದು ಬರೆಸಿ.

ಇಲ್ಲಿಯ ಮನೆಗಳಲ್ಲಿ ಸ್ಲ್ಯಾಬಿನ ಅಡಿಯ ಗಾರೆ ಹಪ್ಪಳದ ಹಾಗೆ ಕಳಚಿ ಬೀಳುವುದಕ್ಕೆ ಕಾರಣ ಸಿಮೆಂಟು ಒಂದೇ ಅಲ್ಲ. ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿರುತ್ತಾರೆ. ತುಳಿದಾಗ ಅದು ಜಾರಿ ಸರಳು ಹಲಗೆಗೆ ತಾಗುತ್ತದೆ. ಮುಂದೆ ಉಪ್ಪು ತೇವ ಒಳಗಿಳಿದು ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸೀಳುತ್ತದೆ. ಕಾಂಕ್ರೀಟಿನದೇ ಕವರ್ ಬ್ಲಾಕು, ಪ್ರತಿ ಮೀಟರಿಗೆ ಒಂದರಂತೆ ಇಡಿಸಿ. ಉಪ್ಪುನೀರು ಏರುವ ಹೊಳೆಯ ಮರಳು ಬೇಡ, ಎಂ ಸ್ಯಾಂಡ್ ಇರಲಿ. ಏಪ್ರಿಲ್–ಮೇನಲ್ಲಿ ದಂಡೆಯ ಬಾವಿಗಳು ಸವುಳಾಗುತ್ತವೆ. ನೀರು ಪರೀಕ್ಷೆ ಮಾಡಿಸಿ, ಲೀಟರಿಗೆ 500 ಮಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇದ್ದರೆ ಕಲಸಲು ಬೇಡ, ನೀರುಣಿಸಲೂ ಬೇಡ.

ಗೋಡೆಗೆ ಚಿರೆಕಲ್ಲು ಉತ್ತಮ. ಬಿಳಿ ಜೇಡಿ ಗೂಡುಗಳಿರುವ ಕಲ್ಲನ್ನು ವಾಪಸ್ ಕಳಿಸುವ ಹಕ್ಕು ಇಟ್ಟುಕೊಳ್ಳಿ. ಕ್ವಾರಿಯಿಂದ ಆಗಷ್ಟೇ ತೆಗೆದದ್ದು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಷ್ಟು ಗಟ್ಟಿಯಾಗುತ್ತದೆ.

ಮಳೆಯ ಲೆಕ್ಕ, ದುಡ್ಡಿನ ಕಂತು

ಜೂನ್‌ನಿಂದ ಆಗಸ್ಟ್ ನಕ್ಷೆಯ ಕಾಲ. ಸೆಪ್ಟೆಂಬರಿಗೆ ಪರವಾನಗಿ ಕೈಯಲ್ಲಿರಲಿ. ಅಕ್ಟೋಬರ್ ಕೊನೆಗೆ ಅಗೆತ, ಡಿಸೆಂಬರಿಗೆ ಪಂಚಾಂಗ, ಮಾರ್ಚ್ ಒಳಗೆ ಸ್ಲ್ಯಾಬು, ಮೃಗಶಿರ ಮಳೆ ಹಿಡಿಯುವ ಮೊದಲು ಟ್ರಸ್ಸು. ಒಳಗಿನ ಗಾರೆ, ವೈರಿಂಗು ಮಳೆಯಲ್ಲೂ ನಡೆಯುತ್ತದೆ. ಎಲ್ಲ ಗುತ್ತಿಗೆದಾರರೂ ದೀಪಾವಳಿ ಕಳೆದದ್ದೇ ನಾಲ್ಕೈದು ಕಡೆ ಗುದ್ದಲಿ ಪೂಜೆ ಮಾಡುತ್ತಾರೆ, ಏಪ್ರಿಲಿನಲ್ಲಿ ಸೆಂಟ್ರಿಂಗ್ ಹಲಗೆ ಸಾಲುವುದಿಲ್ಲ. ಆಗ ನಿಮ್ಮ ಹಲಗೆಯನ್ನು ಬೇಗ ಬಿಚ್ಚಿ ಇನ್ನೊಂದು ಕಡೆಗೆ ಒಯ್ಯುವ ಆತುರ ಹುಟ್ಟುತ್ತದೆ. ನಾಲ್ಕೂವರೆ ಮೀಟರ್ ವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಉದ್ದಕ್ಕೆ 14, ಆರು ಮೀಟರ್ ವರೆಗಿನ ತೊಲೆಗೆ 14 ದಿನ ಆಧಾರ ತೆಗೆಯಬಾರದು ಎಂದು ಒಪ್ಪಂದದಲ್ಲೇ ಇರಲಿ.

ಕಂತು ಶೇಕಡಾ ಲೆಕ್ಕದಲ್ಲಿ ಹೀಗಿಡಬಹುದು: ಮುಂಗಡ 5, ಪಂಚಾಂಗ ಮುಗಿದಾಗ 15, ಲಿಂಟಲ್ 15, ಸ್ಲ್ಯಾಬ್ 20, ಗಾರೆ 15, ನೆಲ ಮತ್ತು ವೈರಿಂಗ್ 15, ಬಣ್ಣ–ಬಾಗಿಲು 10, ಕೊನೆಯ 5 ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ. ಸ್ಲ್ಯಾಬಿನ ಕಂತು ಕಾಂಕ್ರೀಟು ಹಾಕುವ ದಿನಕ್ಕಲ್ಲ, ಹಲಗೆ ಬಿಚ್ಚಿ ಅಡಿಭಾಗ ನೋಡಿದ ದಿನಕ್ಕೆ. ನಡುವೆ ಕಿಟಕಿ ಸರಿಸಿದರೂ ದರ ಮೊದಲೇ ವಾಟ್ಸಾಪಿನಲ್ಲಿ ಬರೆದು ಒಪ್ಪಿಕೊಳ್ಳಿ. ಫ್ಲ್ಯಾಟ್ ಮಾರುವವರಿಗೆ ರೇರಾ ಕಾಯ್ದೆ ಹೊರಿಸುವ ಐದು ವರ್ಷದ ಹೊಣೆ ನಿಮ್ಮ ಸ್ವಂತ ಮನೆಯ ಗುತ್ತಿಗೆಗೆ ತಾನಾಗಿ ಬರುವುದಿಲ್ಲ. ವಿನ್ಯಾಸ ಮತ್ತು ಕಟ್ಟಡ ಎರಡರ ದೋಷಕ್ಕೂ ಐದು ವರ್ಷ ಹೊಣೆ ಎಂದು ನೀವೇ ಬರೆಸಬೇಕು.

ಗುತ್ತಿಗೆದಾರರ ಬಳಗಕ್ಕೆ ಸೇರದ ಒಬ್ಬ ಎಂಜಿನಿಯರನ್ನು ನಿಮ್ಮ ದುಡ್ಡಿನಲ್ಲಿ ಐದು ಸಲ ಕರೆಸಿ: ಪಂಚಾಂಗದ ಗುಂಡಿ ತೆಗೆದಾಗ, ಕಂಬದ ಸರಳು ಕಟ್ಟಿದಾಗ, ಸ್ಲ್ಯಾಬಿನ ಸರಳು ಕಟ್ಟಿದಾಗ, ಪೈಪಿನ ಒತ್ತಡ ಪರೀಕ್ಷೆಗೆ, ಬಚ್ಚಲು ಹಾಗೂ ತಾರಸಿಯಲ್ಲಿ 48 ಗಂಟೆ ನೀರು ನಿಲ್ಲಿಸಿ ನೋಡುವಾಗ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಕಾಂಕ್ರೀಟು ಹಾಕಬಾರದು. ಸಾವಿರ ಚದರಡಿಯ ಐದಿಂಚು ಸ್ಲ್ಯಾಬಿಗೆ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. ಅಷ್ಟಕ್ಕೆ ಎರಡು ಮಾದರಿ, ಒಂದೊಂದಕ್ಕೆ ಮೂರರಂತೆ ಆರು ಕ್ಯೂಬ್ ತುಂಬಿಸಿ, ಅದರ ಮೇಲೆ ದಿನಾಂಕ ಗೀಚಿಸಿ, 28ನೇ ದಿನ ಒಡೆಸಿ ಬಲ ನೋಡಿ. ಕ್ಯೂಬ್ ತುಂಬುವಾಗ ನಿಮ್ಮ ಕಡೆಯವರು ಅಲ್ಲೇ ನಿಂತಿರಲಿ.