ಆಲ್ಪ್ಸ್‌ಗೆ ಸ್ಕೀ ಪ್ರವಾಸ: ಏರ್‌ಪೋರ್ಟ್ ಕಾರು ಬಾಡಿಗೆಯಲ್ಲಿ ದುಡ್ಡು ಉಳಿಸುವುದು ಹೇಗೆ?

ಫೆಬ್ರುವರಿಯ ಯಾವುದಾದರೂ ಶನಿವಾರ ಜಿನೀವಾ ಏರ್‌ಪೋರ್ಟಿನ ಬಾಡಿಗೆ ಕಾರಿನ ಕೌಂಟರ್ ಹತ್ತಿರ ನಿಂತು ನೋಡಿ. ಸಾಲಿನಲ್ಲಿ ಕೆಲವರು ಕೀಲಿ ಇಸ್ಕೊಂಡು ಐದು ನಿಮಿಷದಲ್ಲಿ ಹೊರಡುತ್ತಾರೆ. ಇನ್ನು ಕೆಲವರು ಫೋನ್ ಮುಂದೆ ಹಿಡಿದು 'ಇಲ್ಲಿ ಇಷ್ಟೇ ರೇಟು ಅಂತ ಇದೆಯಲ್ಲ' ಎಂದು ವಾದಕ್ಕೆ ನಿಂತಿರುತ್ತಾರೆ. ಫೋನಿನಲ್ಲಿರುವುದು ಕಾರಿನ ರೇಟು, ನಿಜ. ಆದರೆ ಹಿಮ ಬಿದ್ದ ಬೆಟ್ಟ ಹತ್ತಿ ಇಳಿಯುವ ಕಾರಿನ ರೇಟಲ್ಲ. ಚಳಿಗಾಲದ ಟೈರು, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಚೈನು, ಹೆದ್ದಾರಿಯ ಶುಲ್ಕದ ಸ್ಟಿಕ್ಕರ್, ಇನ್ಶೂರೆನ್ಸ್, ಎರಡನೇ ಡ್ರೈವರ್, ಎಲ್ಲ ಕೂಡಿಸಿದ ಮೇಲೆ ಪಟ್ಟಿಯ ಮೊದಲ ಸಾಲಿನಲ್ಲಿದ್ದ ಅಗ್ಗದ ಕಾರು ನಾಲ್ಕನೆಯದಕ್ಕಿಂತ ದುಬಾರಿಯಾಗಿರುತ್ತದೆ. ಈ ಕೂಡಿಸುವ ಕೆಲಸವನ್ನು ಕೌಂಟರಿನವರ ಕೈಗೆ ಬಿಡದೆ ಮನೆಯಲ್ಲೇ ಕೂತು ಮಾಡಬೇಕು.

ಹಂತ 1: ಕಾರು ಬೇಕಾ ಅಂತ ಮೊದಲು ಕೇಳಿಕೊಳ್ಳಿ

ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಊರೊಳಗೆ ನಿಮ್ಮ ಕಾರು ಬಿಡುವುದೇ ಇಲ್ಲ. ಟೆಶ್‌ನಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ ರೈಲು ಹತ್ತಬೇಕು. ಸಾಸ್-ಫೇ, ವೆಂಗೆನ್, ಮ್ಯೂರೆನ್, ಫ್ರಾನ್ಸಿನ ಅವೊರಿಯಾ, ಇವೂ ಕಾರಿಲ್ಲದ ಊರುಗಳೇ. ವಾಲ್ ತೊರಾನ್ಸ್‌ನಲ್ಲಿ ಸಾಮಾನು ಇಳಿಸಿದ ಮೇಲೆ ಕಾರನ್ನು ಪೇಯ್ಡ್ ಪಾರ್ಕಿಂಗಿಗೆ ಹಾಕಲೇಬೇಕು. ಇಂಥ ಕಡೆ ಹೋಗುವವರು ವಾರಪೂರ್ತಿ ನಿಂತೇ ಇರುವ ಕಾರಿಗೆ ಬಾಡಿಗೆಯನ್ನೂ ಕಟ್ಟಿ, ಪಾರ್ಕಿಂಗ್ ದುಡ್ಡನ್ನೂ ಕಟ್ಟುತ್ತಾರೆ. ಇಬ್ಬರೇ ಇದ್ದರೆ ಬಸ್ಸೋ ರೈಲೋ ಸಾಕು. ನಾಲ್ಕೈದು ಜನ ಇದ್ದು, ಕಣಿವೆಯ ಹಳ್ಳಿಯಲ್ಲಿ ಅಗ್ಗದ ರೂಮು ಹಿಡಿದು ದಿನಕ್ಕೊಂದು ಬೆಟ್ಟಕ್ಕೆ ಹೋಗುವವರಿಗೆ ಮಾತ್ರ ಕಾರು ಲಾಭ.

ಹಂತ 2: ಏರ್‌ಪೋರ್ಟ್ ಆರಿಸುವಾಗಲೇ ರಸ್ತೆ ನೋಡಿ

ವಿಮಾನದ ಟಿಕೆಟ್ ಅಗ್ಗ ಅಂತ ಇಳಿದು, ರಸ್ತೆಯಲ್ಲಿ ಅದರ ಎರಡರಷ್ಟು ಕಳೆಯುವವರು ಬಹಳ. ಇಟಲಿಯ ಕುರ್ಮಾಯೂರ್‌ಗೆ ಹೋಗಬೇಕಾದವರು ಜಿನೀವಾದಲ್ಲಿ ಇಳಿದರೆ ಮಾಂಟ್ ಬ್ಲಾಂಕ್ ಸುರಂಗ ದಾಟಬೇಕು. ಒಂದು ಕಡೆಗೇ 50 ಯೂರೊಗಿಂತ ಜಾಸ್ತಿ ಟೋಲ್. ಟುರಿನ್‌ನಲ್ಲಿ ಇಳಿದರೆ ಆ ಸುರಂಗದ ಗೊಡವೆಯೇ ಇಲ್ಲ.

ಇದಕ್ಕೆ ಉಲ್ಟಾ, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಕಡೆ ಹೋಗುವವರಿಗೆ ಜರ್ಮನಿಯ ಮ್ಯೂನಿಕ್ ಒಳ್ಳೆಯದು. ಜರ್ಮನಿಯ ಹೆದ್ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ವಿಗ್ನೆಟ್ ಎಂಬ ಶುಲ್ಕ ಬೇಕು. ಆದರೆ ಗಡಿಯಿಂದ ಕೂಫ್‌ಸ್ಟೈನ್ ಸ್ಯೂಡ್ ಎಕ್ಸಿಟ್ ತನಕದ ತುಂಡಿಗೆ 2019ರ ಡಿಸೆಂಬರಿನಿಂದ ಅದು ಬೇಡ. ಆ ಎಕ್ಸಿಟ್‌ನಲ್ಲೇ ಇಳಿದು ಒಳರಸ್ತೆ ಹಿಡಿಯಿರಿ. ವಾಪಸ್ ಬರುವಾಗಲೂ ಅಲ್ಲೇ ಹತ್ತಿ. ಒಂದು ಎಕ್ಸಿಟ್ ಮುಂದೆ ಹೋದರೂ ದಂಡ.

ಗಡಿ ದಾಟುವ ಯೋಚನೆ ಇದ್ದರೆ ಅದಕ್ಕೆ ಅನುಮತಿ ಇದೆಯಾ, ಅದಕ್ಕೆ ಬೇರೆ ದುಡ್ಡು ಇದೆಯಾ ಅಂತ ಬಾಡಿಗೆಯ ಷರತ್ತಿನಲ್ಲಿ ಓದಿ.

ಹಂತ 3: ಜಿನೀವಾದ ಎರಡು ಬಾಗಿಲು

ಜನ ಜಾಸ್ತಿ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಜಿನೀವಾ ಏರ್‌ಪೋರ್ಟ್ ಇರುವುದು ಸ್ವಿಟ್ಜರ್ಲೆಂಡಿನ ನೆಲದಲ್ಲಿ. ಆದರೂ ಅದಕ್ಕೊಂದು ಫ್ರೆಂಚ್ ವಿಭಾಗ ಇದೆ. ಅಲ್ಲಿಂದ ಹೊರಟ ರಸ್ತೆ ಬೇಲಿಗಳ ನಡುವೆ ನೇರ ಫ್ರಾನ್ಸಿನ ಫೆರ್ನೆ-ವೋಲ್ಟೇರ್ ಊರಿಗೆ ಹೋಗುತ್ತದೆ. ಎರಡೂ ಕಡೆ ಬಾಡಿಗೆ ಕಾರಿನ ಕೌಂಟರ್‌ಗಳಿವೆ. ಒಂದೇ ಕಂಪನಿ, ಒಂದೇ ಥರದ ಕಾರು, ಬೇರೆ ಬೇರೆ ರೇಟು. ಸಾಮಾನ್ಯವಾಗಿ ಫ್ರೆಂಚ್ ಕಡೆ ಅಗ್ಗ. ಪಟ್ಟಿಯಲ್ಲಿ ಅದೇ ಮೇಲೆ ಬರುತ್ತದೆ, ಜನ ಅದನ್ನೇ ಒತ್ತುತ್ತಾರೆ.

ಸ್ವಿಸ್ ಕಡೆಯ ಕಾರಿಗೆ ಚಳಿಗಾಲದಲ್ಲಿ ಚಳಿಗಾಲದ ಟೈರು ಹಾಕಿಯೇ ಇರುತ್ತಾರೆ. ಸ್ವಿಸ್ ಹೆದ್ದಾರಿಯ ವಿಗ್ನೆಟ್ ಕೂಡ ಇರುತ್ತದೆ. ಫ್ರೆಂಚ್ ಕಡೆಯ ಕಾರಿಗೆ ಎಷ್ಟೋ ಸಲ ಎರಡೂ ಇರುವುದಿಲ್ಲ. ಟೈರು ಬೇಕೆಂದರೆ ದಿನದ ಲೆಕ್ಕದಲ್ಲಿ ದುಡ್ಡು, ಚೈನಿಗೆ ಬೇರೆ. ಸ್ವಿಸ್ ವಿಗ್ನೆಟ್‌ನಲ್ಲಿ ವಾರದ್ದು, ತಿಂಗಳದ್ದು ಅಂತ ಇಲ್ಲ. ಇಡೀ ವರ್ಷದ್ದೇ ಕೊಳ್ಳಬೇಕು, 40 ಫ್ರಾಂಕ್. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಅದರ ಮೇಲೆ ಆ 40ನ್ನೂ ಕಟ್ಟಬೇಕು. ಏರ್‌ಪೋರ್ಟಿನಿಂದ ಫ್ರಾನ್ಸಿನ ಸ್ಕೀ ಊರು ಶಾಮೊನಿಗೆ ಹೊರಟರೆ ಜಿಪಿಎಸ್ ತೋರಿಸುವ ಸಲೀಸು ದಾರಿ ಸ್ವಿಸ್ ಹೆದ್ದಾರಿಯ ಮೇಲೆಯೇ ಹೋಗುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಇವು ಕಲ್ಪಿಸಿಕೊಂಡ ಅಂಕಿಗಳು, ನಿಮ್ಮ ಪರದೆಯ ಮೇಲಿನ ಅಂಕಿ ಹಾಕಿಕೊಳ್ಳಿ. ವಾರಕ್ಕೆ ಫ್ರೆಂಚ್ ಕಡೆ 210 ಯೂರೊ, ಸ್ವಿಸ್ ಕಡೆ 300. ಉಳಿತಾಯ 90 ಅಂತ ಖುಷಿ. ದಿನಕ್ಕೆ 15ರಂತೆ ಏಳು ದಿನ ಟೈರಿಗೆ 105 ಸೇರಿಸಿ, 315 ಆಯಿತು. ಚೈನಿಗೆ 40, ವಿಗ್ನೆಟ್‌ಗೆ ಸುಮಾರು 40. ಒಟ್ಟು 395. ಸ್ವಿಸ್ ಕಡೆ ಚೈನಿಗೆ 40 ಸೇರಿಸಿದರೂ 340ಕ್ಕೆ ನಿಲ್ಲುತ್ತದೆ. ಫ್ರೆಂಚ್ ಕಡೆಯ ಬುಕಿಂಗಿನಲ್ಲಿ ಟೈರು ಸೇರಿದ್ದರೆ, ಹೋಗುವ ಊರೂ ಫ್ರಾನ್ಸಿನಲ್ಲೇ ಇದ್ದು ಸ್ವಿಸ್ ಹೆದ್ದಾರಿ ಬಿಟ್ಟು ಹೋಗಲು ನೀವು ತಯಾರಿದ್ದರೆ, ಆಗ ಫ್ರೆಂಚ್ ಕಡೆ ಗೆಲ್ಲುತ್ತದೆ. ಮೊದಲ ಸಲ ಹೋಗುವವರಿಗೆ ನನ್ನ ಮಾತು ಒಂದೇ: ವ್ಯತ್ಯಾಸ ಕಡಿಮೆ ಇದ್ದರೆ ಸ್ವಿಸ್ ಕಡೆಯೇ ತಗೊಳ್ಳಿ.

ಕಾರು ವಾಪಸ್ ಕೊಡುವ ದಿನದ ತೊಂದರೆ ಇನ್ನೊಂದು. ಫ್ರೆಂಚ್ ಕಡೆ ತಗೊಂಡ ಕಾರನ್ನು ಅಲ್ಲೇ ಕೊಡಬೇಕು. ಜಿಪಿಎಸ್‌ನಲ್ಲಿ ಸುಮ್ನೆ 'ಜಿನೀವಾ ಏರ್‌ಪೋರ್ಟ್' ಅಂತ ಹಾಕಿದರೆ ಅದು ಸ್ವಿಸ್ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ವಿಮಾನಕ್ಕೆ ಒಂದೂವರೆ ಗಂಟೆ ಇರುವಾಗ ಇದು ಗೊತ್ತಾಗುತ್ತದೆ. ಮೊದಲು ಫೆರ್ನೆ-ವೋಲ್ಟೇರ್ ಅಂತ ಹಾಕಿ, ಅಲ್ಲಿಂದ ಏರ್‌ಪೋರ್ಟಿನ 'ಸೆಕ್ಟರ್ ಫ್ರಾನ್ಸ್' ಬೋರ್ಡು ಹಿಡಿದು ಬನ್ನಿ. ಬಾಸೆಲ್-ಮುಲೂಸ್ ಏರ್‌ಪೋರ್ಟ್‌ಗೂ ಇದೇ ಥರ ಎರಡು ಕಡೆ ಇದೆ, ಅದು ಇರುವುದು ಫ್ರಾನ್ಸಿನ ನೆಲದಲ್ಲಿ.

ಹಂತ 4: ಟೈರು, ಚೈನು

ಫ್ರಾನ್ಸಿನಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ನವೆಂಬರ್ 1ರಿಂದ ಮಾರ್ಚ್ 31ರ ತನಕ ಗುರುತು ಮಾಡಿದ ಬೆಟ್ಟದ ಊರುಗಳಲ್ಲಿ ಚಳಿಗಾಲದ ಟೈರು ಹಾಕಿರಬೇಕು, ಇಲ್ಲವೇ ಡಿಕ್ಕಿಯಲ್ಲಿ ಚೈನೋ ಬಟ್ಟೆಯ ಟೈರ್ ಸಾಕ್ಸೋ ಇರಬೇಕು. 2024ರ ನವೆಂಬರಿನಿಂದ ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂದು ಬರೆದ ಟೈರು ನಡೆಯುವುದಿಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಬೇಕು. ಆ ಗುರುತಿರುವ ಆಲ್-ಸೀಸನ್ ಟೈರೂ ಆದೀತು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ತನಕ, ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಕಡ್ಡಾಯ. ಸ್ವಿಟ್ಜರ್ಲೆಂಡಿನಲ್ಲಿ ಹೀಗೆ ನೇರ ಕಡ್ಡಾಯ ಇಲ್ಲ. ಆದರೆ ಬೇಸಿಗೆ ಟೈರಿನಲ್ಲಿ ಹೋಗಿ ಗುದ್ದಿದರೆ ತಪ್ಪು ನಿಮ್ಮ ತಲೆಗೇ ಬರಬಹುದು.

ಫ್ರಾನ್ಸಿನ ಕಾನೂನಿನಲ್ಲಿ ಚೈನು ಇದ್ದರೆ ಸಾಕು ಅಂತ ಟೈರಿನ ದುಡ್ಡು ಉಳಿಸುವವರಿದ್ದಾರೆ. ಇದೊಂದು ಉಳಿತಾಯ ಮಾಡಬೇಡಿ. ಬೇಸಿಗೆ ಟೈರಿನಲ್ಲಿ ಏರು ಹತ್ತುವುದು ಹೇಗೋ ಆದೀತು, ಇಳಿಯುವಾಗ ಬ್ರೇಕು ಹಿಡಿಯುವುದಿಲ್ಲ. ಬದಲಿಗೆ ಫೋರ್-ವೀಲ್ ಡ್ರೈವ್ ಕೈಬಿಡಿ. ಅಷ್ಟೊಂದು ಜಾಸ್ತಿ ದುಡ್ಡು ಕೊಟ್ಟು ದೊಡ್ಡ ಜೀಪು ಹಿಡಿಯುವ ಅಗತ್ಯ ಸ್ಕೀ ಊರಿಗೆ ಹೋಗುವ ಡಾಂಬರು ರಸ್ತೆಯಲ್ಲಿ ಬರುವುದೇ ಅಪರೂಪ. ಒಳ್ಳೆಯ ಟೈರಿರುವ ಚಿಕ್ಕ ಕಾರು ಸಾಕು.

ಟೈರು ಚೆನ್ನಾಗಿದ್ದರೂ ಚೈನು ಜೊತೆಗಿರಲಿ. ನೀಲಿ ದುಂಡು ಬೋರ್ಡಿನಲ್ಲಿ ಚೈನು ಸುತ್ತಿದ ಚಕ್ರದ ಚಿತ್ರ ಕಂಡರೆ ಅಲ್ಲಿಂದ ಚೈನು ಹಾಕಿಯೇ ಹೋಗಬೇಕು. ವಾರದ ಚೈನಿನ ಬಾಡಿಗೆಯೂ ಅಂಗಡಿಯ ಹೊಸ ಜೋಡಿಯ ಬೆಲೆಯೂ ಎಷ್ಟೋ ಸಲ ಹತ್ತಿರ ಹತ್ತಿರ ಇರುತ್ತವೆ. ಕಣಿವೆಯ ಕೆಳಗಿನ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳಿ, ಬೆಟ್ಟದ ಮೇಲಿನ ಪೆಟ್ರೋಲ್ ಬಂಕಿನಲ್ಲಿ ಬೇಡ. ಕೊಳ್ಳುವ ಮುಂಚೆ ಟೈರಿನ ಪಕ್ಕದಲ್ಲಿ ಬರೆದ ಸೈಜು ಫೋಟೊ ತೆಗೆದಿಟ್ಟುಕೊಳ್ಳಿ, 205/55 ಆರ್16 ಅಂತ ಏನೋ ಇರುತ್ತದೆ. ಪೆಟ್ಟಿಗೆಯ ಮೇಲೂ ಅದೇ ಇರಬೇಕು. ಒಂದು ಸಲ ಏರ್‌ಪೋರ್ಟಿನ ಪಾರ್ಕಿಂಗಿನಲ್ಲೇ ಬಿಚ್ಚಿ ಹಾಕಿ ನೋಡಿ. ಚೈನು ಹಾಕುವುದು ಎಂಜಿನ್ ತಿರುಗಿಸುವ ಚಕ್ರಕ್ಕೆ, ಚಿಕ್ಕ ಕಾರಲ್ಲಿ ಸಾಮಾನ್ಯವಾಗಿ ಮುಂದಿನದಕ್ಕೆ. ಹಿಂದಿನ ಚಕ್ರಕ್ಕೆ ಕಟ್ಟಿ ಒದ್ದಾಡುವವರನ್ನು ಪ್ರತಿ ಚಳಿಗಾಲ ನೋಡಬಹುದು.

ಆನ್‌ಲೈನಿನಲ್ಲಿ ಚಕ್ರಕ್ಕೆ ಸುತ್ತುವ ಪ್ಲಾಸ್ಟಿಕ್ ಪಟ್ಟಿಗಳನ್ನು 'ಚೈನಿನ ಬದಲು' ಅಂತ ಮಾರುತ್ತಾರೆ. ಅದಕ್ಕೆ ಒಂದು ಕಾಸೂ ಹಾಕಬೇಡಿ. ಮ್ಯಾಗ್ನೆಟ್‌ನಿಂದ ಚಾವಣಿಗೆ ಅಂಟಿಸುವ ಸ್ಕೀ ರ‍್ಯಾಕ್ ಕೂಡ ಹಾಗೇ. ಅಲ್ಯುಮಿನಿಯಂ ಚಾವಣಿಗೆ ಅದು ಅಂಟುವುದೇ ಇಲ್ಲ, ಅಂಟಿದ ಕಡೆ ಗೀರು ಬಿದ್ದು ಡೆಪಾಸಿಟ್ ಹೋಗುತ್ತದೆ. ಸ್ಕೀಯನ್ನು ಊರಿನಲ್ಲೇ ಬಾಡಿಗೆಗೆ ತಗೊಳ್ಳಿ, ಅಥವಾ ಹಿಂದಿನ ಸೀಟು ಮಡಿಸಿ ಒಳಗೇ ಮಲಗಿಸಿ.

ಹಂತ 5: ಇನ್ಶೂರೆನ್ಸ್ ಮೊದಲೇ ಮಾಡಿಸಿ

ಬಾಡಿಗೆಯ ಜೊತೆ ಬರುವ ಇನ್ಶೂರೆನ್ಸಿನಲ್ಲಿ ಎಕ್ಸೆಸ್ ಅಂತ ಇರುತ್ತದೆ. ಕಾರಿಗೆ ಏನಾದರೂ ಆದರೆ ಅಷ್ಟರ ತನಕ ನೀವೇ ಕಟ್ಟಬೇಕು. ಸಾವಿರ ಯೂರೊ ದಾಟುವುದು ಸಾಮಾನ್ಯ. ಅದನ್ನು ಸೊನ್ನೆ ಮಾಡಿಕೊಡುತ್ತೇವೆ ಅಂತ ಕೌಂಟರಿನಲ್ಲಿ ಮಾರುವ ಕವರ್ ಕೆಲವು ಸಲ ಕಾರಿನ ಬಾಡಿಗೆಗೇ ಸಮ ಆಗುತ್ತದೆ. ಅದೇ ಎಕ್ಸೆಸ್‌ಗೆ ಬೇರೆ ಇನ್ಶೂರೆನ್ಸ್ ಕಂಪನಿಯಿಂದ ಮೊದಲೇ ಪಾಲಿಸಿ ಮಾಡಿಸಿದರೆ ತುಂಬ ಅಗ್ಗ. ಟೈರು, ಗಾಜು, ಕಾರಿನ ತಳ, ಚಾವಣಿ ಸೇರಿವೆಯಾ ನೋಡಿ. ಹಿಮದ ರಸ್ತೆಗೆ ಉದುರಿಸುವ ಜಲ್ಲಿ ಹಾರಿ ಬಡಿಯುವುದು ಗಾಜಿಗೇ ತಾನೇ.

ಈ ದಾರಿಗೂ ಒಂದು ಕಿರಿಕಿರಿ ಇದೆ. ಪೆಟ್ಟಾದರೆ ಮೊದಲು ನಿಮ್ಮ ಕಾರ್ಡಿನಿಂದಲೇ ದುಡ್ಡು ಹೋಗುತ್ತದೆ, ಆಮೇಲೆ ನೀವು ಕ್ಲೇಮ್ ಮಾಡಿ ವಾಪಸ್ ಪಡೆಯಬೇಕು. ಡೆಪಾಸಿಟ್ ಬ್ಲಾಕ್ ಮಾಡಲು ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡು ಬೇಕು, ಅದರಲ್ಲಿ ಅಷ್ಟು ಲಿಮಿಟ್ಟೂ ಇರಬೇಕು. ಡೆಬಿಟ್ ಕಾರ್ಡನ್ನು ತುಂಬ ಕಡೆ ತಗೊಳ್ಳುವುದಿಲ್ಲ. ಆಗ ಎಷ್ಟೋ ಸಲ ಕೌಂಟರಿನ ದುಬಾರಿ ಕವರ್ ಕೊಳ್ಳುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಹಂತ 6: ಬುಕಿಂಗ್

ಉಚಿತವಾಗಿ ರದ್ದು ಮಾಡುವ ಅವಕಾಶ ಇರುವ ಕಾರನ್ನು ಬೇಗ ಬುಕ್ ಮಾಡಿ, ಆಗಾಗ ರೇಟು ನೋಡುತ್ತಿರಿ, ಇಳಿದರೆ ಹಳೆಯದು ಬಿಟ್ಟು ಹೊಸದು ಹಿಡಿಯಿರಿ. ಇಂಧನದ ಷರತ್ತು 'ಫುಲ್ ಟು ಫುಲ್' ಇರಲಿ, ಅಂದರೆ ತುಂಬಿದ ಟ್ಯಾಂಕಿನಲ್ಲಿ ತಗೊಂಡು ತುಂಬಿಸಿಯೇ ಕೊಡುವುದು. ಬಾಡಿಗೆ 24 ಗಂಟೆಯ ಲೆಕ್ಕ, ಹತ್ತಕ್ಕೆ ತಗೊಂಡು ಹನ್ನೆರಡಕ್ಕೆ ಕೊಟ್ಟರೆ ಇನ್ನೊಂದು ದಿನದ ದುಡ್ಡು. ಸಾಧ್ಯವಾದರೆ ಶನಿವಾರ ಬಿಟ್ಟು ಭಾನುವಾರ ಹೊರಡಿ, ರೇಟೂ ಎಷ್ಟೋ ಸಲ ಇಳಿದಿರುತ್ತದೆ, ಫ್ರಾನ್ಸಿನ ಸ್ಕೀ ಊರುಗಳ ದಾರಿಯಲ್ಲಿ ಸಿಗುವ ಆಲ್ಬರ್‌ವಿಲ್‌ನಿಂದ ಮುಂದಿನ ಜಾಮೂ ತಪ್ಪುತ್ತದೆ.

ಹಂತ 7: ಕೌಂಟರಿನಲ್ಲಿ, ಪಾರ್ಕಿಂಗಿನಲ್ಲಿ

ಸಹಿ ಹಾಕುವ ಪ್ಯಾಡಿನಲ್ಲಿ ಬರೀ ಸಹಿಯ ಜಾಗ ಕಾಣುತ್ತದೆ, ಮೊತ್ತ ಕಾಣುವುದಿಲ್ಲ. ಕಾಗದದ ಮೇಲೆ ಒಟ್ಟು ಎಷ್ಟು ಅಂತ ತೋರಿಸುವ ತನಕ ಪೆನ್ನು ಮುಟ್ಟಬೇಡಿ. ರೋಡ್‌ಸೈಡ್ ಕವರ್ (ದಾರಿಯಲ್ಲಿ ಕಾರು ಕೆಟ್ಟರೆ ನೆರವು), ದೊಡ್ಡ ಕಾರು, ಜಿಪಿಎಸ್ ಎಲ್ಲಕ್ಕೂ 'ಬೇಡ, ಬುಕಿಂಗಿನಲ್ಲಿ ಇರುವಷ್ಟೇ' ಅನ್ನಿ. ಕಾರಣ ಹೇಳಲು ಹೋದರೆ ಮಾತು ಬೆಳೆಯುತ್ತದೆ. ಕಾರ್ಡ್ ಮೆಷಿನ್ ನಿಮ್ಮ ದೇಶದ ಕರೆನ್ಸಿಯಲ್ಲಿ ಕಟ್ಟುತ್ತೀರಾ ಅಂತ ಕೇಳಿದರೆ, ಅಲ್ಲಿನ ಯೂರೊ ಅಥವಾ ಫ್ರಾಂಕನ್ನೇ ಒತ್ತಿ.

ಎಲೆಕ್ಟ್ರಿಕ್ ಕಾರು ಕೊಡಲು ಬಂದರೆ, ಉಳಿಯುವ ಕಡೆ ಚಾರ್ಜರ್ ಇಲ್ಲದಿದ್ದರೆ ಬೇಡ ಅನ್ನಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಕಾರಿನ ಹತ್ತಿರ ಬಂದ ಮೇಲೆ ನಾಲ್ಕೂ ಟೈರಿನ ಗುರುತು ನೋಡಿ. ಎರಡು ಯೂರೊ ನಾಣ್ಯವನ್ನು ಟೈರಿನ ಕಚ್ಚಿನೊಳಗೆ ನಿಲ್ಲಿಸಿ. ನಾಣ್ಯದ ಸುತ್ತಲಿನ ಬೆಳ್ಳಿ ಬಣ್ಣದ ಅಂಚು ಪೂರ್ತಿ ಮುಳುಗಿದರೆ 4 ಮಿಲಿಮೀಟರ್ ಆಳ ಇದೆ ಅಂತ ಲೆಕ್ಕ, ಆಸ್ಟ್ರಿಯಾ ಕೇಳುವುದೂ ಕನಿಷ್ಠ ಅಷ್ಟನ್ನೇ. ಅಂಚು ಹೊರಗೆ ಕಂಡರೆ ಅಲ್ಲೇ ಕಾರು ಬದಲಿಸಿಕೊಳ್ಳಿ. ಆಮೇಲೆ ವೀಡಿಯೊ: ರಿಮ್ಮು, ಗಾಜು, ಬಂಪರಿನ ಕೆಳಭಾಗ, ಚಾವಣಿ, ಮೀಟರು, ಇಂಧನದ ಮುಳ್ಳು. ಕಾರು ಕೊಳೆಯಾಗಿದ್ದರೆ ಗೀರು ಕಾಣುವುದಿಲ್ಲ, ಬಟ್ಟೆಯಿಂದ ಒರೆಸಿ ತೆಗೆಯಿರಿ.

ಹಂತ 8: ವಾಪಸ್ ಕೊಡುವಾಗ

ಏರ್‌ಪೋರ್ಟ್ ಗೇಟಿನ ಬಂಕು ದುಬಾರಿ. ಒಂದೆರಡು ಊರು ಮುಂಚೆಯೇ ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಕಾರಿಗೆ ಮೆತ್ತಿದ ಹಿಮ, ಉಪ್ಪು ತೊಳೆಸಿ ಮತ್ತೆ ವೀಡಿಯೊ ಮಾಡಿ. ಸಿಬ್ಬಂದಿ ಇದ್ದರೆ ಕಾರು ಸರಿಯಿದೆ ಅಂತ ಬರೆಸಿಕೊಳ್ಳಿ. ಡೆಪಾಸಿಟ್ ಬಿಡುಗಡೆ ಆದ ಮೇಲೂ ಈ ಕಡತ ಅಳಿಸಬೇಡಿ. ಇಟಲಿಯ ಹಳೆ ಊರಿನ ನಿಷೇಧಿತ ವಲಯಕ್ಕೆ ನುಗ್ಗಿದ್ದೋ, ವಿಗ್ನೆಟ್ ಇಲ್ಲದೆ ಹೋದದ್ದೋ ಇದ್ದರೆ ದಂಡದ ಕಾಗದ ತಿಂಗಳುಗಳ ನಂತರವೂ ಬರಬಹುದು. ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯೂ ತನ್ನ ಫೀಸನ್ನು ಅದೇ ಕಾರ್ಡಿನಿಂದ ಎಳೆದುಕೊಳ್ಳುತ್ತದೆ. ಆ ಫೀಸು ದಂಡದಲ್ಲಿ ಸೇರಿರುವುದಿಲ್ಲ. ದಂಡವನ್ನು ಬೇರೆಯಾಗಿಯೇ ಕಟ್ಟಬೇಕು.