ತೆಂಗಿನ ಗೆರಟೆ ಕೆಂಡದಲ್ಲಿ ಕೋಳಿ, ಅನಾನಸು

ಅಂಗಳದಲ್ಲಿ ಕೋಳಿ ಸುಡುವ ಆಸೆ ಇದ್ದರೆ ಮಂಗಳೂರಲ್ಲಿ ಮಳೆ ಹಿಡಿಯುವ ಮೊದಲೇ ಮಾಡಿ. ಮೂಳೆ ಇಲ್ಲದ ಅರ್ಧ ಕಿಲೋ ತೊಡೆ ಮಾಂಸ ತನ್ನಿ. ಎದೆ ಮಾಂಸ ಬೇಡ, ಬೇಗ ಒಣಗಿಬಿಡುತ್ತದೆ.

ಆರೇಳು ಬ್ಯಾಡಗಿ ಮೆಣಸು ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು) ಸೇರಿಸಿ ನುಣ್ಣಗೆ ರುಬ್ಬಿ. ನಾಲ್ಕು ಚಮಚ ಗಟ್ಟಿ ಮೊಸರು, ಉಪ್ಪು, ಸ್ವಲ್ಪ ತೆಂಗಿನೆಣ್ಣೆ ಹಾಕಿ ಕೋಳಿ ತುಂಡುಗಳಿಗೆ ಹಚ್ಚಿ, ಮೂರ್ನಾಲ್ಕು ಗಂಟೆ ಫ್ರಿಜ್ಜಲ್ಲಿಡಿ. ಈ ಸೆಕೆಯಲ್ಲಿ ಹೊರಗೆ ಬಿಡಲೇಬೇಡಿ.

ಅನಾನಸನ್ನು ಮಾತ್ರ ಈಗಲೇ ಸೇರಿಸಬೇಡಿ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಅಂತ ಒಂದು ಕಿಣ್ವ ಇದೆ, ಅದು ಮಾಂಸದ ಪ್ರೋಟೀನನ್ನು ಒಡೆಯುತ್ತದೆ, ಜಾಸ್ತಿ ಹೊತ್ತು ಒಟ್ಟಿಗೆ ಬಿಟ್ಟರೆ ಕೋಳಿ ಹಿಟ್ಟುಹಿಟ್ಟಾಗಿ ಬಾಯಿಗೆ ರುಚಿಸುವುದೇ ಇಲ್ಲ. ಸುಡುವ ಹೊತ್ತಿಗೆ ಕೋಳಿ ತುಂಡುಗಳ ಜೊತೆ ಕಡ್ಡಿಗೆ ಪೋಣಿಸಿದರೆ ಸಾಕು. ಮಾವಿನಹಣ್ಣೂ ಚೆಂದ, ಆದರೆ ದೋರೆಗಾಯಿ ಇರಲಿ, ಪೂರ್ತಿ ಹಣ್ಣಾದದ್ದು ಕೆಂಡಕ್ಕೆ ಜಾರಿ ಬೀಳುತ್ತದೆ.

ಬಿದಿರ ಕಡ್ಡಿಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿಡಿ, ಇಲ್ಲದಿದ್ದರೆ ಅವೇ ಹೊತ್ತಿಕೊಳ್ಳುತ್ತವೆ. ಇದ್ದಿಲು ತರಬೇಕೆಂದೇನಿಲ್ಲ, ನಮ್ಮ ಮನೆಗಳಲ್ಲಿ ಗೆರಟೆ ಇದ್ದೇ ಇರುತ್ತದಲ್ವಾ? ಅದಕ್ಕೇ ಬೆಂಕಿ ಕೊಡಿ. ಜ್ವಾಲೆ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕೂರುವವರೆಗೆ ಕಾಯಲೇಬೇಕು, ಅವಸರ ಮಾಡಿದರೆ ಹೊರಗೆ ಕರಿ, ಒಳಗೆ ಹಸಿ.

ಎರಡು ಮೂರು ನಿಮಿಷಕ್ಕೊಮ್ಮೆ ತಿರುಗಿಸುತ್ತಾ 12ರಿಂದ 15 ನಿಮಿಷ ಸುಡಿ. ಥರ್ಮಾಮೀಟರ್ ಇದ್ದರೆ ಮಾಂಸದ ನಡುವೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು. ಪಾತ್ರೆಯಲ್ಲಿ ಉಳಿದ ಹಸಿ ಮಸಾಲೆಯನ್ನು ಬೆಂದ ಕೋಳಿಗೆ ಸವರಬೇಡಿ. ಲಿಂಬೆ ಹಿಂಡಿ, ನೀರುಳ್ಳಿ ಜೊತೆ ಬಿಸಿಬಿಸಿಯಾಗಿ ಬಡಿಸಿ.