ಕಾಟಿ ಅಡ್ಡ ನಿಂತಾಗ ಏನು ಮಾಡಬೇಕು

ಮಲೆನಾಡಿನ ಕಾಫಿ ತೋಟದ ಕಾಲುದಾರಿಯಲ್ಲಾಗಲಿ, ಬಂಡೀಪುರ, ನಾಗರಹೊಳೆಯ ಕಾಡಂಚಿನಲ್ಲಾಗಲಿ ಕಾಟಿ ಎದುರಾದರೆ, ಮೊದಲು ಇದ್ದಲ್ಲಿಯೇ ನಿಂತು ಅದರ ನಿಲುವನ್ನು ಗಮನಿಸಬೇಕು. ಕಾಡುಕೋಣ, ಕಾಡೆಮ್ಮೆ ಎಂಬ ಹೆಸರುಗಳೂ ಇರುವ ಈ ಪ್ರಾಣಿಯನ್ನು ಪ್ರವಾಸಿಗರು ಬೈಸನ್ ಎನ್ನುವುದುಂಟು. ಆದರೆ ನಿಜವಾದ ಬೈಸನ್‌ಗಳಿರುವುದು ಅಮೆರಿಕ ಮತ್ತು ಯೂರೋಪಿನಲ್ಲಿ. ನಮ್ಮ ಕಾಟಿ, ಹೆಸರಿನಲ್ಲಿ ಕೋಣ, ಎಮ್ಮೆ ಸೇರಿಕೊಂಡಿದ್ದರೂ, ದನದ ಕುಲಕ್ಕೇ ಹತ್ತಿರದ್ದು.

ಗುರುತಿಸುವುದು ಕಷ್ಟವಲ್ಲ. ಮೊಣಕಾಲಿನಿಂದ ಗೊರಸಿನವರೆಗೆ ಬಿಳಿಯ ಕಾಲುಚೀಲ ತೊಟ್ಟಂತಹ ಬಣ್ಣ, ಎರಡು ಕೊಂಬುಗಳ ನಡುವೆ ಉಬ್ಬಿದ ಬೂದುಬಣ್ಣದ ಹಣೆ, ಬುಡದಲ್ಲಿ ತಿಳಿಹಳದಿಯಾಗಿ ತುದಿಯಲ್ಲಿ ಕಪ್ಪಾಗುವ ಕೊಂಬು ಇಷ್ಟನ್ನು ನೋಡಿದರೆ ಸಾಕು. ಕೊಂಬು ಹೆಣ್ಣಿಗೂ ಇರುವುದರಿಂದ ಗಂಡುಹೆಣ್ಣನ್ನು ಬಣ್ಣ ಮತ್ತು ಗಾತ್ರದಿಂದ ತಿಳಿಯಬೇಕು: ಬೆಳೆದ ಗಂಡು ಮಿರುಗುವ ಕಪ್ಪು, ಹೆಣ್ಣು ಮತ್ತು ಎಳೆಯವು ಕಂದು. ದೊಡ್ಡ ಗಂಡು ಭುಜದ ಬಳಿ ಸುಮಾರು 6 ಅಡಿ ಎತ್ತರವಿದ್ದು, ಒಂದು ಟನ್‌ನಷ್ಟು ತೂಗಬಲ್ಲದು.

ಅದರ ಬೆನ್ನನ್ನು ವಿಶೇಷವಾಗಿ ನೋಡಬೇಕು. ಬೆನ್ನುಮೂಳೆಯ ಉದ್ದನೆಯ ಮುಳ್ಳುಗಳಿಂದಾಗಿ ಭುಜದಿಂದ ಏಳುವ ದಿಣ್ಣೆಯು ಬೆನ್ನಿನ ಮಧ್ಯದಲ್ಲಿ ಥಟ್ಟನೆ ಇಳಿದುಬಿಡುತ್ತದೆ. ಪಕ್ಕದಿಂದ ನೋಡಿದಾಗ ಪ್ರಾಣಿ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದು ಇದರಿಂದಲೇ. ಎದುರಾಳಿಯನ್ನು ಹೆದರಿಸಬೇಕಾದ ಗಂಡು ನೇರವಾಗಿ ನುಗ್ಗುವ ಬದಲು ಮೈಯನ್ನು ಅಡ್ಡವಾಗಿ ತಿರುಗಿಸಿ, ತಲೆ ತಗ್ಗಿಸಿ, ಬಿಗಿದ ಹೆಜ್ಜೆಯಲ್ಲಿ ನಿಧಾನ ನಡೆಯುತ್ತದೆ. ಅನೇಕರು ಎಡವುವುದು ಇಲ್ಲಿಯೇ: ಪಾಪ, ತನ್ನ ಪಾಡಿಗೆ ಹೋಗುತ್ತಿದೆ ಎಂದುಕೊಂಡು ಮೊಬೈಲ್ ಹಿಡಿದು ಹತ್ತಿರ ಸರಿಯುತ್ತಾರೆ. ಅದು ತನ್ನ ಗಾತ್ರವನ್ನು ತೋರಿಸಿ ಎಚ್ಚರಿಸುತ್ತಿರಬಹುದು. ಜೋರಾಗಿ ಬುಸುಗುಟ್ಟಿದರೆ, ಮುಂಗಾಲಿನಿಂದ ನೆಲ ಬಡಿದರೆ ಅನುಮಾನಕ್ಕೆ ಎಡೆಯೇ ಇಲ್ಲ.

ಆಗ ಓಡಬಾರದು, ಕೂಗಬಾರದು, ಕಲ್ಲು ಎಸೆಯಬಾರದು. ಮುಖವನ್ನು ಅದರ ಕಡೆಗೇ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿಯುತ್ತ, ದಪ್ಪ ಮರವೊಂದನ್ನು ನಡುವೆ ಮಾಡಿಕೊಳ್ಳಬೇಕು. ಬೇಲಿ, ಕಂದಕ ಅಥವಾ ಧರೆಯ ಕಡೆಗೆ ಅದು ಸಿಕ್ಕಿಬೀಳದಂತೆ, ಹೊರಟುಹೋಗಲು ದಾರಿ ಬಿಡುವುದು ಅಗತ್ಯ. ತೋಟಕ್ಕೆ ನಾಯಿಯನ್ನು ಕರೆದೊಯ್ಯುವವರು ಇನ್ನೂ ಜಾಗ್ರತೆಯಿಂದಿರಬೇಕು. ಕೆಣಕಿ ಬಂದ ನಾಯಿ ಒಡೆಯನ ಕಾಲ ಬಳಿಗೇ ಓಡಿಬರುತ್ತದೆ, ಹಿಂದೆಯೇ ಕಾಟಿಯೂ ಬರಬಹುದು.

ಗುಂಪಿನ ವರ್ತನೆ ಬೇರೆ. ಹೆಣ್ಣುಗಳು ಮತ್ತು ಕರುಗಳಿರುವ ಹಿಂಡನ್ನು ಸಾಮಾನ್ಯವಾಗಿ ಹಿರಿಯ ಹೆಣ್ಣೊಂದು ನಡೆಸುತ್ತದೆ. ಅಪಾಯದ ವಾಸನೆ ಬಂದರೆ ಬುಸುಗುಟ್ಟಿ ಒಟ್ಟಾಗಿ ಓಡುವುದೇ ಹೆಚ್ಚು. ತಾಯಿ ಮತ್ತು ಕರುವಿನ ನಡುವೆ ಮಾತ್ರ ಎಂದೂ ಹೋಗಬಾರದು. ರಸ್ತೆಯಲ್ಲಿ ಒಂದು ದಾಟಿತೆಂದು ಗಾಡಿ ಮುಂದೆ ಬಿಡದೆ, ಹಾರ್ನ್ ಮಾಡದೆ ಕಾಯಬೇಕು, ಏಕೆಂದರೆ ಹಿಂದಿನವು ಪೊದೆಯೊಳಗೇ ನಿಂತಿರುತ್ತವೆ.

ಕಾಡಂಚಿನಲ್ಲಿ ದನ ಸಾಕುವವರಿಗೆ ಇನ್ನೊಂದು ಕೆಲಸವಿದೆ. ದನಗಳ ರೋಗ ಕಾಟಿಗೂ ತಗಲುತ್ತದೆ. 1968ರಲ್ಲಿ ಬಂಡೀಪುರ, ಮುದುಮಲೆ ಭಾಗದಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಎಂಬ ದನಗಳ ಸಾಂಕ್ರಾಮಿಕಕ್ಕೆ ಕಾಟಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತಿದ್ದವು. ಆ ರೋಗ ಈಗ ಜಗತ್ತಿನಿಂದಲೇ ನಿರ್ಮೂಲವಾಗಿದೆಯಾದರೂ ಕಾಲುಬಾಯಿ ರೋಗ ಉಳಿದಿದೆ. ಆದ್ದರಿಂದ ಅದರ ಲಸಿಕೆಯನ್ನು ತಪ್ಪದೆ ಹಾಕಿಸಬೇಕು, ಜ್ವರ ಬಂದ ದನವನ್ನು ಕಾಡಿಗೆ ಮೇಯಲು ಬಿಡದೆ ಕೊಟ್ಟಿಗೆಯಲ್ಲಿಯೇ ಕಟ್ಟಬೇಕು.